ನಾಮಪತ್ರ ತಿರಸ್ಕೃತ ಆದ್ರೆ ಕೋರ್ಟು ಏನು ಮಾಡುತ್ತೆ? ಸಹಕಾರಿ ಬ್ಯಾಂಕ್ ಚುನಾವಣೆಯ ಆ ಎರಡು ಮೂರು ದಿನ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಎಂಟೆಕ್ ಮಾಡಿ ಕೋಡ್ ಬರೆದು ಹೊಟ್ಟೆ ಹೊರೆಯೋನು. ತೀರ್ಪುಗಳನ್ನ ಓದೋದು ನನಗೊಂದು ಚಟ. ನಿಜವಾದ ಕೇಸು ಕೈಯಲ್ಲಿದ್ದರೆ ಸಹಕಾರಿ ಕಾನೂನು ಬಲ್ಲ ವಕೀಲರ ಹತ್ತಿರವೇ ಹೋಗಿ.

ಹೀಗೊಂದು ಸಂದರ್ಭ ಇಟ್ಕೊಳ್ಳಿ. ನೀವು ಹಿಂಜವಡಿಯಲ್ಲೋ ಗಚ್ಚಿಬೌಲಿಯಲ್ಲೋ ಆಫೀಸಿನಲ್ಲಿದ್ದೀರಿ. ಊರಲ್ಲಿ ಪಟ್ಟಣ ಸಹಕಾರಿ ಬ್ಯಾಂಕಿನ ಚುನಾವಣೆ ನಡೀತಿದೆ. ನಿಮ್ಮ ಚಿಕ್ಕಪ್ಪ ನಾಮಪತ್ರ ಹಾಕಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಫೋನು: "ಪರಿಶೀಲನಾದಾಗ ನಮ್ದು ತೆಗೆದ್ಹಾಕ್ಯಾರಪ್ಪಾ. ಸಾಲದ ಬಾಕಿ ಅದ ಅಂತ ಬರದಾರ. ಬಾಕಿ ಎಲ್ಲಾ ತೀರಿಸೀನಿ ನಾ. ಹೈಕೋರ್ಟಿಗೆ ಹೋಗೂಣೇನು?"

ಈ ಪ್ರಶ್ನೆಗೆ ನಮ್ಮ ಕೋರ್ಟುಗಳು 70 ವರ್ಷಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಮ್ಮಿ ಒಂದೇ ಉತ್ತರ ಕೊಡ್ತಾ ಬಂದಿವೆ. ನಿಮಗೆ ಅನ್ಯಾಯ ಆಗಿರಬಹುದು, ಆದರೆ ಈಗ ಬರಬೇಡಿ, ಚುನಾವಣೆ ಮುಗಿದ ಮೇಲೆ ಬನ್ನಿ. ಕೇಳೋಕೆ ವಿಚಿತ್ರ ಅನ್ಸುತ್ತೆ. ಬಸ್ಸು ಹೊರಟುಹೋದ ಮೇಲೆ ಟಿಕೆಟ್ ವಿಚಾರ ಮಾತಾಡೋಣ ಅಂದ ಹಾಗೆ. ಆದರೆ ಇದರ ಹಿಂದೆ ಒಂದು ಗಟ್ಟಿ ತರ್ಕ ಇದೆ, ಆ ತರ್ಕದಲ್ಲಿ ಒಂದು ದೊಡ್ಡ ತೂತೂ ಇದೆ. ಎರಡನ್ನೂ ನೋಡೋಣ.

ಅದಕ್ಕೂ ಮೊದಲು, ಒಂದು ಸಣ್ಣ ಬ್ಯಾಂಕಿನ ಆಡಳಿತ ಮಂಡಳಿಗೆ ಇಷ್ಟೊಂದು ಜಗಳ ಯಾಕೆ ಅನ್ನೋರಿಗೆ ಎರಡು ಮಾತು. 2018ರಲ್ಲಿ ಬೆಳಗಾವಿಯ ತಾಲ್ಲೂಕು ಮಟ್ಟದ ಪಿಎಲ್‌ಡಿ ಬ್ಯಾಂಕಿನ ಅಧ್ಯಕ್ಷ ಸ್ಥಾನದ ಗುದ್ದಾಟ ಬೆಂಗಳೂರಿನ ಸಮ್ಮಿಶ್ರ ಸರ್ಕಾರವನ್ನೇ ಅಲ್ಲಾಡಿಸಿದ್ದು ನೆನಪಿರಬಹುದು. ಅದು ರಾಜಕೀಯದ ಕಥೆ. ದುಡ್ಡಿನ ಕಥೆ ಬೇರೆ ಇದೆ. 2019ರ ಸೆಪ್ಟೆಂಬರಿನಲ್ಲಿ ಮುಂಬೈನ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರಿಗೆ ಮೊದಲು ತೆಗೆಯೋಕೆ ಬಿಟ್ಟಿದ್ದು ಬರೀ 1,000 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನವರಿಗೆ 35,000. ನಿವೃತ್ತಿ ಹಣವನ್ನೆಲ್ಲ ಒಂದೇ ಕಡೆ ಇಟ್ಟಿದ್ದ ಹಿರಿಯರ ಗತಿ ಏನಾಯ್ತು ಅಂತ ಬೆಂಗಳೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಯಾರಿಗೆ ಸಾಲ, ಎಷ್ಟು ಸಾಲ, ವಸೂಲಿ ಎಷ್ಟು ಬಿಗಿ ಅನ್ನೋದು ಈ ಮಂಡಳಿಯ ಕೈಯಲ್ಲಿರುತ್ತೆ. ಪ್ರಶ್ನೆ ಕೇಳೋ ಒಬ್ಬ ಮನುಷ್ಯ ಆ ಮಂಡಳಿಯೊಳಗೆ ಬರೋದನ್ನ ತಪ್ಪಿಸಬೇಕಾದರೆ ಅವನನ್ನ ಮತದಾನದಲ್ಲಿ ಸೋಲಿಸೋದು ಕಷ್ಟದ ದಾರಿ. ನಾಮಪತ್ರದ ಹಂತದಲ್ಲೇ ಕಿತ್ತುಹಾಕೋದು ಸುಲಭದ ದಾರಿ.

ಈಗ ಕೋರ್ಟಿನ ಕಥೆಗೆ ಬರೋಣ. ಇದು ಶುರುವಾಗಿದ್ದು ಸಹಕಾರಿ ಬ್ಯಾಂಕಿನಿಂದ ಅಲ್ಲ, ದೇಶದ ಮೊದಲ ಮಹಾಚುನಾವಣೆಯಿಂದ. ಆಗಿನ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆಯ ನಾಮಕ್ಕಲ್ ಕ್ಷೇತ್ರದಲ್ಲಿ ಎನ್.ಪಿ. ಪೊನ್ನುಸ್ವಾಮಿ ಅನ್ನೋರು ವಿಧಾನಸಭೆಗೆ ನಾಮಪತ್ರ ಹಾಕಿದ್ದರು. 1951ರ ನವೆಂಬರ್ 28ರಂದು ಚುನಾವಣಾಧಿಕಾರಿ ಅದನ್ನ ತಿರಸ್ಕರಿಸಿದರು. ಅವರು ಮದ್ರಾಸ್ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು, ಅಲ್ಲಿ ಆಗಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1952ರ ಜನವರಿ 21ಕ್ಕೆ ಆರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 329(ಬಿ) ವಿಧಿ ಪ್ರಕಾರ ಚುನಾವಣೆಯನ್ನ ಪ್ರಶ್ನಿಸಬೇಕಾದರೆ ಚುನಾವಣಾ ಅರ್ಜಿಯ ಮೂಲಕವೇ ಪ್ರಶ್ನಿಸಬೇಕು. ಪೊನ್ನುಸ್ವಾಮಿಯವರ ವಾದ ಏನಿತ್ತು ಅಂದರೆ, ನಾನು ಚುನಾವಣೆಯನ್ನ ಪ್ರಶ್ನಿಸ್ತಾ ಇಲ್ಲ, ಮತದಾನ ಇನ್ನೂ ಆಗೇ ಇಲ್ವಲ್ಲ, ಬರೀ ನಾಮಪತ್ರದ ವಿಚಾರ ಕೇಳ್ತಿದ್ದೀನಿ ಅಂತ. ಕೋರ್ಟು ಒಪ್ಪಲಿಲ್ಲ. "ಚುನಾವಣೆ" ಅಂದರೆ ಮತ ಹಾಕೋ ದಿನ ಮಾತ್ರ ಅಲ್ಲ, ಅಧಿಸೂಚನೆ ಹೊರಟ ಕ್ಷಣದಿಂದ ಫಲಿತಾಂಶ ಘೋಷಣೆ ತನಕದ ಇಡೀ ಪ್ರಕ್ರಿಯೆ ಅಂತ ಅರ್ಥ ಕೊಟ್ಟಿತು. ನಾಮಪತ್ರ ತಿರಸ್ಕಾರ ಆ ಪ್ರಕ್ರಿಯೆಯ ಒಂದು ಹಂತ, ಆದ್ದರಿಂದ ಎಲ್ಲ ಮುಗಿದ ಮೇಲೆ ಬನ್ನಿ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಿಲೀಸ್ ನಡೀತಿರುವಾಗ ಮಧ್ಯೆ ಯಾರೂ ಪ್ರೊಡಕ್ಷನ್ ಸರ್ವರಿಗೆ ಕೈ ಹಾಕಬೇಡಿ, ಮುಗಿದ ಮೇಲೆ ತಪ್ಪಿದ್ದರೆ ರೋಲ್‌ಬ್ಯಾಕ್ ಮಾಡೋಣ ಅಂದಂಗೆ.

ಗಮನಿಸಬೇಕಾದ ವಿಷಯ ಏನಂದ್ರೆ, 329ನೇ ವಿಧಿ ಸಂಸತ್ತು ಮತ್ತು ವಿಧಾನಮಂಡಲದ ಚುನಾವಣೆಗೆ ಮಾತ್ರ. ಸಹಕಾರಿ ಬ್ಯಾಂಕಿಗೆ ಸಂವಿಧಾನದಲ್ಲಿ ಅಂಥ ಬೇಲಿ ಇಲ್ಲ. ಹೈಕೋರ್ಟಿನ 226ನೇ ವಿಧಿಯ ಅಧಿಕಾರ ಅಲ್ಲಿ ಪೂರ್ತಿ ತೆರೆದೇ ಇದೆ. ಹಾಗಾದರೆ ಕೋರ್ಟುಗಳು ಯಾಕೆ ಹಿಂದೆ ಸರೀತವೆ? ಕಾನೂನು ತಡೆಯುತ್ತೆ ಅಂತಲ್ಲ, ತಾವಾಗೇ ಹಾಕ್ಕೊಂಡ ಶಿಸ್ತು ಅದು. ಪೊನ್ನುಸ್ವಾಮಿ ತೀರ್ಪಿನ ತತ್ವವನ್ನ ಪುರಸಭೆಗೆ, ವಕೀಲರ ಪರಿಷತ್ತಿಗೆ, ಆಮೇಲೆ ಸಹಕಾರ ಸಂಘಗಳಿಗೆ ಹಂತಹಂತವಾಗಿ ಎಳೆದುಕೊಂಡು ಬಂದರು. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 70(2)(ಸಿ) ಪ್ರಕಾರ ಚುನಾವಣೆಯ ವ್ಯಾಜ್ಯವನ್ನ ನಿಬಂಧಕರ, ಅಂದ್ರೆ ರಿಜಿಸ್ಟ್ರಾರ್ ಮುಂದೆ ಒಯ್ಯೋ ದಾರಿ ಇದೆ, ಅದಿರುವಾಗ ಹೈಕೋರ್ಟು ಸಾಮಾನ್ಯವಾಗಿ ಮಧ್ಯೆ ಬರಬಾರದು. ಮಹಾರಾಷ್ಟ್ರದ ಹಾಲು ಉತ್ಪಾದಕರ ಸಂಸ್ಥೆಯೊಂದರ ಕೇಸಿನಲ್ಲಿ, ಸಂತ ಸದ್ಗುರು ಜನಾರ್ದನ ಸ್ವಾಮಿ ಸಂಸ್ಥೆ ಪ್ರಕರಣ ಅಂತ ಅದರ ಹೆಸರು, 2001ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮತದಾರರ ಪಟ್ಟಿ ತಯಾರಿಕೆಯೂ ಚುನಾವಣಾ ಪ್ರಕ್ರಿಯೆಯ ಒಂದು ಹಂತವೇ, ಅದರಲ್ಲಿ ನಿಯಮ ಮುರಿದಿದ್ದಾರೆ ಅನ್ನೋ ಆರೋಪ ಇದ್ದರೂ ಹೈಕೋರ್ಟು ಚುನಾವಣೆಯನ್ನ ನಿಲ್ಲಿಸಬಾರದು ಅಂದರು. ಇವತ್ತಿಗೂ ನಾಮಪತ್ರದ ಯಾವ ರಿಟ್ ಬಂದರೂ ಸರ್ಕಾರಿ ವಕೀಲರು ಮೊದಲು ಟೇಬಲ್ ಮೇಲೆ ಇಡೋದು ಇಂಥ ತೀರ್ಪುಗಳನ್ನೇ.

ಈ ತರ್ಕದಲ್ಲಿ ನನಗೆ ಮನಸ್ಸಿಗೆ ಹಿಡಿಸಿದ ಭಾಗ ಒಂದಿದೆ. ಚುನಾವಣೆ ನಿಂತರೆ ಲಾಭ ಯಾರಿಗೆ ಅಂತ ಯೋಚನೆ ಮಾಡಿ. ತಡೆಯಾಜ್ಞೆ ಬಂತು ಅಂದರೆ ಕುರ್ಚಿಯಲ್ಲಿ ಇರೋರು ಯಾರು? ಹಳೇ ಮಂಡಳಿ, ಇಲ್ಲಾ ಸರ್ಕಾರ ಕೂರಿಸಿದ ಆಡಳಿತಾಧಿಕಾರಿ. ಸೋಲೋ ಭಯ ಇರೋ ಮಂಡಳಿಗೆ ತಡೆಯಾಜ್ಞೆಗಿಂತ ಒಳ್ಳೆ ಉಡುಗೊರೆ ಇಲ್ಲ. ತಮ್ಮ ಕಡೆಯವನೊಬ್ಬನ ಕೈಲಿ ಬೇಕಂತಲೇ ಅರೆಬರೆ ನಾಮಪತ್ರ ಹಾಕಿಸಿ, ಅದು ತಿರಸ್ಕೃತ ಆದ ಮೇಲೆ ಅವನ ಹೆಸರಲ್ಲೇ ರಿಟ್ ಹಾಕಿಸಿ, ಚುನಾವಣೆಯನ್ನ ವರ್ಷಗಟ್ಟಲೆ ಎಳೆಯೋದು ಎಷ್ಟು ಸುಲಭ! ಕೋರ್ಟು ಕೈಕಟ್ಟಿ ಕೂತ್ಕೊಳ್ಳೋದರಿಂದ ಇಂಥ ಆಟಕ್ಕೆ ಜಾಗ ಕಮ್ಮಿ ಆಗುತ್ತೆ. ಹಾಗಾಗಿ "ಕೋರ್ಟು ಬಡವನ ಮಾತು ಕೇಳಲ್ಲ" ಅಂತ ಸಿಟ್ಟು ಮಾಡ್ಕೊಳ್ಳೋ ಮೊದಲು ಈ ಕಡೆಯನ್ನೂ ನೋಡಬೇಕು.

ಇನ್ನು ತೂತಿನ ವಿಚಾರ. ರೋಲ್‌ಬ್ಯಾಕ್ ಮಾಡೋಣ ಅಂದರು ಸರಿ, ಎಷ್ಟು ದಿನಕ್ಕೆ? ಆಡಳಿತ ಮಂಡಳಿಯ ಅವಧಿ 5 ವರ್ಷ. ಕರ್ನಾಟಕದಲ್ಲಿ ಸೆಕ್ಷನ್ 70ರ ವ್ಯಾಜ್ಯ ಸಹಕಾರ ಇಲಾಖೆಯ ಅಧಿಕಾರಿಯ ಮುಂದೆ ನಡೆಯುತ್ತೆ. ಅಲ್ಲಿ ನೋಟಿಸು, ತಕರಾರು, ಸಾಕ್ಷಿ, ಪಾಟೀಸವಾಲು. ತೀರ್ಪು ಬಂದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ. ಅದಾದ ಮೇಲೆ ಸೋತವರು ಹೈಕೋರ್ಟು. ಪ್ರತಿ ಮೆಟ್ಟಿಲಲ್ಲೂ ತಡೆ ಕೇಳಬಹುದು. ಗೆದ್ದು ಕೂತವರಿಗೆ ಅವಸರ ಇಲ್ಲ. ಕೊನೆಗೆ ನಿಮ್ಮ ಚಿಕ್ಕಪ್ಪನ ಪರ ತೀರ್ಪು ಬರೋ ಹೊತ್ತಿಗೆ ಮಂಡಳಿಯ ಅವಧಿಯೇ ಮುಗಿದಿದ್ದರೆ, ಇನ್ನು ಈ ವ್ಯಾಜ್ಯದಲ್ಲಿ ಏನೂ ಉಳಿದಿಲ್ಲ ಅಂತ ಫೈಲು ಮುಚ್ತಾರೆ. ಆ ಅವಧಿಯಲ್ಲಿ ಮಂಜೂರಾದ ಸಾಲಗಳೇನೂ ವಾಪಸ್ ಬರಲ್ಲ.

ಇಲ್ಲಿ ಒಂದು ಚೆಂದದ ಕಾನೂನು ಸೂಕ್ಷ್ಮ ಇದೆ. ಸಂಸತ್ತು, ವಿಧಾನಸಭೆ ಚುನಾವಣೆಗೆ ಇರೋ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ನಾಮಪತ್ರವನ್ನ ತಪ್ಪಾಗಿ ಒಪ್ಪಿಕೊಂಡಿದ್ದಕ್ಕೂ ತಪ್ಪಾಗಿ ತಿರಸ್ಕರಿಸಿದ್ದಕ್ಕೂ ಬೇರೆ ಬೇರೆ ಅಳತೆ. ತಪ್ಪಾಗಿ ಒಪ್ಪಿಕೊಂಡಿದ್ದರೆ, ಅದರಿಂದ ಫಲಿತಾಂಶವೇ ಏರುಪೇರಾಯ್ತು ಅಂತ ಅರ್ಜಿದಾರ ಸಾಬೀತು ಮಾಡಬೇಕು. ತಪ್ಪಾಗಿ ತಿರಸ್ಕರಿಸಿದ್ದರೆ ಅಷ್ಟೇ ಸಾಕು, ಚುನಾವಣೆ ಅಸಿಂಧು. ಯಾಕೆ ಈ ವ್ಯತ್ಯಾಸ? ಕಣದಲ್ಲಿದ್ದವನಿಗೆ ಎಷ್ಟು ಮತ ಬಿತ್ತು ಅಂತ ಎಣಿಸಬಹುದು. ಕಣಕ್ಕೇ ಬಿಡದವನಿಗೆ ಎಷ್ಟು ಬೀಳ್ತಿತ್ತು ಅಂತ ಯಾವ ದೇವರೂ ಎಣಿಸೋಕೆ ಆಗಲ್ಲ. ಸಹಕಾರಿ ವ್ಯಾಜ್ಯದಲ್ಲಿ ಆಯಾ ರಾಜ್ಯದ ಕಾಯ್ದೆ, ನಿಯಮಗಳ ಮಾತೇ ಕೊನೆ. ಆದರೆ ವಾದ ಮಾಡೋರು ಈ ತರ್ಕವನ್ನ ಅಲ್ಲಿಗೂ ತರ್ತಾರೆ. ಹಾಗಾಗಿ ತಿರಸ್ಕಾರ ತಪ್ಪು ಅಂತ ತೋರಿಸೋಕೆ ಆದ್ರೆ, ಮುಗಿದ ಮೇಲಿನ ವ್ಯಾಜ್ಯ ತೀರಾ ಕೈಲಾಗದ ಅಸ್ತ್ರ ಅಲ್ಲ. ತಡ ಆಗುತ್ತೆ, ಅದೇ ರೋಗ.

ಹಾಗಂತ ಕೋರ್ಟಿನ ಬಾಗಿಲು ಮಧ್ಯದಲ್ಲಿ ಯಾವತ್ತೂ ತೆರೆಯಲ್ವಾ? ತೆರೆಯುತ್ತೆ. 2000ದಲ್ಲಿ ಚುನಾವಣಾ ಆಯೋಗ ವರ್ಸಸ್ ಅಶೋಕ್ ಕುಮಾರ್ ಅನ್ನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಗೆರೆಯನ್ನ ಚೆನ್ನಾಗಿ ಎಳೆದಿದೆ. ನಿಮ್ಮ ಅರ್ಜಿಯಿಂದ ಚುನಾವಣೆ ನಿಲ್ಲುತ್ತೆ, ತಡ ಆಗುತ್ತೆ ಅನ್ನೋದಾದರೆ ಇಲ್ಲ. ಚುನಾವಣೆ ಸರಾಗವಾಗಿ ಮುಂದೆ ಸಾಗೋಕೆ ಸಹಾಯ ಆಗುತ್ತೆ, ಅಡ್ಡಿಯೊಂದು ಸರಿಯುತ್ತೆ ಅನ್ನೋದಾದರೆ ಕೋರ್ಟು ಕೈ ಹಾಕಬಹುದು. ನಾಶ ಆಗಿಬಿಡಬಹುದಾದ ಮುಖ್ಯ ಸಾಕ್ಷ್ಯವನ್ನ ಉಳಿಸೋಕೂ ಆದೇಶ ಕೊಡಬಹುದು. ಈ ಕೊನೇ ಮಾತನ್ನ ಜನ ಅಷ್ಟಾಗಿ ಬಳಸಿಕೊಳ್ಳಲ್ಲ ಅಂತ ನನಗೆ ಅನ್ಸುತ್ತೆ. "ನನ್ನ ನಾಮಪತ್ರ ಒಪ್ಪಿಸಿ" ಅಂತ ಕೇಳಿದರೆ ಸಿಗದೇ ಇರಬಹುದು. "ನನ್ನ ನಾಮಪತ್ರದ ಮೂಲ ಪ್ರತಿ, ಬ್ಯಾಂಕಿನ ಸಾಲದ ಖಾತೆ ಪುಸ್ತಕ, ಪರಿಶೀಲನೆ ನಡೆದ ಕೋಣೆಯ ಸಿಸಿಟಿವಿ ದೃಶ್ಯ ಇವನ್ನ ಜೋಪಾನವಾಗಿ ಇಡೋಕೆ ಹೇಳಿ" ಅಂತ ಕೇಳಿದರೆ ಯಾವ ಚುನಾವಣೆಯೂ ನಿಲ್ಲಲ್ಲ.

ಅಧಿಕಾರಿಗಳು ಕೋರ್ಟಿನ ಈ ಸಂಕೋಚವನ್ನೇ ಗುರಾಣಿ ಮಾಡ್ಕೊಂಡರೆ ಏಟು ಬೀಳುತ್ತೆ ಅನ್ನೋದಕ್ಕೆ 2023ರ ಲಡಾಖ್ ಪ್ರಕರಣ ಇದೆ. ಕಾರ್ಗಿಲ್‌ನ ಸ್ವಾಯತ್ತ ಗುಡ್ಡಗಾಡು ಅಭಿವೃದ್ಧಿ ಮಂಡಳಿಯ ಚುನಾವಣೆಯಲ್ಲಿ ನ್ಯಾಷನಲ್ ಕಾನ್ಫರೆನ್ಸ್ ಪಕ್ಷಕ್ಕೆ ನೇಗಿಲು ಚಿಹ್ನೆ ಕೊಡಿ ಅಂತ ಹೈಕೋರ್ಟು ಹೇಳಿದರೂ ಆಡಳಿತ ಕೊಡಲಿಲ್ಲ, ಚುನಾವಣೆ ಶುರುವಾಗಿದೆ ಅನ್ನೋ ನೆಪ. ಸುಪ್ರೀಂ ಕೋರ್ಟು ಇಡೀ ಅಧಿಸೂಚನೆಯನ್ನೇ ರದ್ದು ಮಾಡಿ, ಹೊಸದಾಗಿ ಹೊರಡಿಸಿ ಅಂದಿತು, ಮೇಲೆ ಲಡಾಖ್ ಆಡಳಿತಕ್ಕೆ 1 ಲಕ್ಷ ರೂಪಾಯಿ ದಂಡ. ಅದು ಸಹಕಾರಿ ಚುನಾವಣೆ ಅಲ್ಲ, ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತ ತೋರಿಸೋಕೆ ಸಾಕು. ಕಾಯ್ದೆಯಲ್ಲೇ ಇಲ್ಲದ ಅನರ್ಹತೆಯನ್ನ ಅಧಿಕಾರಿ ತಾನೇ ಹುಟ್ಟುಹಾಕಿ ತಿರಸ್ಕರಿಸಿದ್ದಾನೆ, ಅಥವಾ ಒಂದು ಮಾತು ಕೇಳದೆ ತಿರಸ್ಕರಿಸಿದ್ದಾನೆ ಅನ್ನೋದು ಕಾಗದದ ಮೇಲೇ ಎದ್ದು ಕಾಣೋ ಹಾಗಿದ್ದರೆ ರಿಟ್‌ಗೆ ಒಂದು ಅವಕಾಶ ಇರುತ್ತೆ. ಬಾಕಿ ಇತ್ತೋ ಇಲ್ವೋ ಅನ್ನೋ ಥರ, ಸಾಕ್ಷಿ ನೋಡಿ ತೀರ್ಮಾನಿಸಬೇಕಾದ ವಿಷಯ ಆದರೆ ಹೈಕೋರ್ಟು ಕೈತೊಳೆದುಕೊಳ್ಳುತ್ತೆ. ನಿಮ್ಮ ಚಿಕ್ಕಪ್ಪನ ಕೇಸು ದುರದೃಷ್ಟಕ್ಕೆ ಈ ಎರಡನೇ ಜಾತಿಯದು.

ಊರ ಪೇಪರುಗಳಲ್ಲಿ "ಹೈಕೋರ್ಟ್ ಆದೇಶದ ಹಿನ್ನೆಲೆ, ಫಲಿತಾಂಶ ಘೋಷಣೆ ಇಲ್ಲ" ಅಂತ ಆಗಾಗ ಸುದ್ದಿ ಬರುತ್ತಲ್ಲ, ಅದು ಇದರ ನಡುವಿನ ದಾರಿ. ಮತದಾರರ ಪಟ್ಟಿಯಿಂದ ಬಿಟ್ಟುಹೋದವರು ಕೋರ್ಟಿಗೆ ಹೋದಾಗ, ಅವರೂ ಮತ ಹಾಕಲಿ, ಆ ಮತಗಳನ್ನ ಬೇರೆ ಪೆಟ್ಟಿಗೆಯಲ್ಲಿಡಿ, ಅಂತಿಮ ತೀರ್ಪಿಗೆ ಒಳಪಟ್ಟಿರಲಿ ಅಂತ ಮಧ್ಯಂತರ ಆದೇಶ ಕೊಡೋದು ಕರ್ನಾಟಕದಲ್ಲಿ ಮಾಮೂಲು. ಮತಕ್ಕೆ ಬೇರೆ ಪೆಟ್ಟಿಗೆ ಇಡಬಹುದು, ಸರಿ. ನಾಮಪತ್ರಕ್ಕೆ ಹಾಗೆ ಬೇರೆ ಪೆಟ್ಟಿಗೆ ಇಡೋದು ಕಷ್ಟ. ಮತಪತ್ರದಲ್ಲಿ ಹೆಸರು ಇರುತ್ತೆ, ಇಲ್ಲಾ ಇರಲ್ಲ.

ಮುಂಬೈ, ಪುಣೆಯಲ್ಲಿರೋರು ಈಗ ಕಿವಿಗೊಡಿ, ಯಾಕಂದ್ರೆ ಮಹಾರಾಷ್ಟ್ರದಲ್ಲಿ ಈ ಸಮಸ್ಯೆಗೆ ಒಂದು ಒಳ್ಳೆ ಪರಿಹಾರ ಕಾಯ್ದೆಯಲ್ಲೇ ಇದೆ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 152ಎ. ನಾಮಪತ್ರ ತಿರಸ್ಕೃತ ಆದರೆ 3 ದಿನದೊಳಗೆ ಮೇಲ್ಮನವಿ ಹಾಕಬಹುದು. ರಿಜಿಸ್ಟ್ರಾರ್ ಮಟ್ಟದ ಅಧಿಕಾರಿ 10 ದಿನದಲ್ಲಿ ತೀರ್ಮಾನ ಕೊಡಬೇಕು, ಆ ತೀರ್ಮಾನವೇ ಅಂತಿಮ. ಪರಿಶೀಲನೆಗೂ ನಾಮಪತ್ರ ವಾಪಸಾತಿಯ ಕೊನೇ ದಿನಕ್ಕೂ ಮಧ್ಯೆ ಕನಿಷ್ಠ 15 ದಿನ ಅಂತರ ಇರಬೇಕು. ಲೆಕ್ಕ ನೋಡಿ: 3 ಮತ್ತು 10 ಸೇರಿ 13, ಬಫರ್ 2 ದಿನ. ಯಾರೋ ಬುದ್ಧಿವಂತರು ಕೂತು ಶೆಡ್ಯೂಲ್ ಹಾಕಿದ್ದಾರೆ. ಚುನಾವಣೆ ಒಂದು ದಿನವೂ ತಡ ಆಗಲ್ಲ, ಆದರೂ ತಪ್ಪು ಸರಿಪಡಿಸೋಕೆ ಒಂದು ಕಿಂಡಿ ಇದೆ. ಇನ್ನೊಂದು ಸೂಕ್ಷ್ಮ: ಈ ಮೇಲ್ಮನವಿ ಇರೋದು ತಿರಸ್ಕಾರದ ವಿರುದ್ಧ. ಎದುರಾಳಿಯ ನಾಮಪತ್ರ ಯಾಕೆ ಒಪ್ಪಿದಿರಿ ಅನ್ನೋ ತಕರಾರಿಗೆ ಈ ದಾರಿ ಅಲ್ಲ, ಅದಕ್ಕೆ ಫಲಿತಾಂಶ ಬಂದ ಮೇಲೆ ಸೆಕ್ಷನ್ 91ರ ಕೆಳಗೆ ಸಹಕಾರಿ ನ್ಯಾಯಾಲಯ, 2 ತಿಂಗಳೊಳಗೆ. ಇಂಥದೊಂದು ಏಣಿಯನ್ನ ಕರ್ನಾಟಕದ ಕಾಯ್ದೆಗೂ ಹಾಕಿಬಿಟ್ಟರೆ ಧಾರವಾಡ, ಕಲಬುರಗಿ ಪೀಠಗಳ ಮುಂದೆ ಚುನಾವಣೆ ಸೀಸನ್ನಿನಲ್ಲಿ ಆಗೋ ನೂಕುನುಗ್ಗಲು ಅರ್ಧಕ್ಕರ್ಧ ಇಳಿಯುತ್ತೆ ಅನ್ನೋದು ನನ್ನ ಅಭಿಪ್ರಾಯ. ಆದರೆ ಮೇಲ್ಮನವಿ ಕೇಳೋರೂ ಸರ್ಕಾರಿ ಅಧಿಕಾರಿಯೇ, ಸರ್ಕಾರ ಯಾರದ್ದು ಅನ್ನೋದರ ಗಾಳಿ ಅಲ್ಲೂ ಬೀಸುತ್ತೆ ಅನ್ನೋ ಮಾತು ಇದ್ದೇ ಇದೆ.

ಯಾವ ಕಾನೂನು ಅನ್ವಯ ಅಂತ ಮೊದಲು ನೋಡ್ಕೊಳ್ಳಿ, ಇದರಲ್ಲಿ ಗೊಂದಲ ಜಾಸ್ತಿ. ಬ್ಯಾಂಕು ಒಂದೇ ರಾಜ್ಯದ್ದಾದರೆ ಆ ರಾಜ್ಯದ ಕಾಯ್ದೆ. ಸಾರಸ್ವತ, ಕಾಸ್ಮಾಸ್ ಅಥವಾ ನಮ್ಮ ಕೆನರಾ ಸಾರಸ್ವತರು 1906ರಲ್ಲಿ ಮುಂಬೈನಲ್ಲಿ ಕಟ್ಟಿದ ಶಾಮರಾವ್ ವಿಠಲ್, ಈಗಿನ ಎಸ್‌ವಿಸಿ ಬ್ಯಾಂಕ್, ಇಂಥವು ಬಹುರಾಜ್ಯ ಸಹಕಾರಿ ಬ್ಯಾಂಕುಗಳು. ಅವಕ್ಕೆ 2002ರ ಕೇಂದ್ರ ಕಾಯ್ದೆ. ಅಲ್ಲಿ ಚುನಾವಣಾ ವ್ಯಾಜ್ಯ ಸೆಕ್ಷನ್ 84ರ ಪ್ರಕಾರ ಮಧ್ಯಸ್ಥಿಕೆಗೆ ಹೋಗುತ್ತೆ, ಫಲಿತಾಂಶ ಘೋಷಣೆಯಾದ 1 ತಿಂಗಳೊಳಗೆ ಹಾಕಬೇಕು. ಸಂವಿಧಾನದ 97ನೇ ತಿದ್ದುಪಡಿ ಇದೆಯಲ್ಲ, ಎಲ್ಲ ಸಹಕಾರ ಸಂಘಕ್ಕೂ ಅದೇ ಅಲ್ವಾ ಅಂತ ಕೇಳೋರಿದ್ದಾರೆ. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ತಂದ 9ಬಿ ಭಾಗವನ್ನ ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ರದ್ದು ಮಾಡಿ, ಬಹುರಾಜ್ಯ ಸಂಘಗಳಿಗೆ ಮಾತ್ರ ಉಳಿಸಿತು. ಸಹಕಾರ ರಾಜ್ಯಪಟ್ಟಿಯ ವಿಷಯ, ಅರ್ಧದಷ್ಟು ರಾಜ್ಯಗಳ ಅನುಮೋದನೆ ಪಡೆಯದೆ ತಿದ್ದುಪಡಿ ಮಾಡಿದ್ದು ಸರಿಯಲ್ಲ ಅನ್ನೋದು ಕಾರಣ.

ಇಷ್ಟೆಲ್ಲ ಹೇಳಿದ ಮೇಲೆ ಗೊತ್ತಾಗೋದು ಏನಂದ್ರೆ, ಗೆಲ್ಲೋ ಸೋಲೋ ಜಾಗ ಹೈಕೋರ್ಟು ಅಲ್ಲ, ಪರಿಶೀಲನೆ ನಡೆಯೋ ಆ ಕೋಣೆ. ತಿರಸ್ಕಾರಕ್ಕೆ ಕೊಡೋ ಕಾರಣಗಳು ಎಲ್ಲ ಕಡೆ ಹೆಚ್ಚುಕಮ್ಮಿ ಅವೇ. ಅಭ್ಯರ್ಥಿ ಸುಸ್ತಿದಾರ. ಸೂಚಕರ ಇಲ್ಲಾ ಅನುಮೋದಕರ ಹೆಸರು ಮತದಾರರ ಪಟ್ಟಿಯಲ್ಲಿಲ್ಲ. ಸಹಿ ಹೊಂದಲ್ಲ. ಮೀಸಲು ಸ್ಥಾನಕ್ಕೆ ಜಾತಿ ಪ್ರಮಾಣಪತ್ರ ಲಗತ್ತಿಸಿಲ್ಲ. ಮಹಾರಾಷ್ಟ್ರದಲ್ಲಾದರೆ ಎರಡಕ್ಕಿಂತ ಹೆಚ್ಚು ಮಕ್ಕಳು ಅನ್ನೋದೂ ಒಂದು ಅನರ್ಹತೆ. ಇವುಗಳಲ್ಲಿ ಸುಸ್ತಿಯೇ ರಾಜ.

ಸುಸ್ತಿಯ ವಿಷಯದಲ್ಲಿ ಒಂದು ಕೊಕ್ಕೆ ಇದೆ. ನೀವು ಸುಸ್ತಿದಾರ ಹೌದೋ ಅಲ್ವೋ ಅನ್ನೋದಕ್ಕೆ ದಾಖಲೆ ಕೊಡೋರು ಯಾರು? ಅದೇ ಬ್ಯಾಂಕಿನ ಕಾರ್ಯದರ್ಶಿ ಅಥವಾ ವ್ಯವಸ್ಥಾಪಕರು. ಅವರಿಗೆ ಸಂಬಳ ಕೊಡೋದು ಯಾರು? ನೀವು ಯಾರ ವಿರುದ್ಧ ನಿಂತಿದ್ದೀರೋ ಆ ಮಂಡಳಿ. ಬೇಬಾಕಿ ಪತ್ರ ಕೇಳೋಕೆ ಹೋದರೆ "ಸಾಹೇಬರು ರಜಾ", "ಸರ್ವರ್ ಡೌನ್". ಸರ್ವರ್ ಡೌನ್ ಅನ್ನೋ ಮಾತನ್ನ ನಮ್ಮ ಕಸುಬಿನವರಿಗಿಂತ ಜಾಸ್ತಿ ಬ್ಯಾಂಕಿನವರೇ ಬಳಸ್ತಾರೆ ಅನ್ಸುತ್ತೆ. ಇದಕ್ಕೆ ಮದ್ದು ಬೇಗ ಶುರು ಮಾಡೋದೊಂದೇ. ನಾಮಪತ್ರ ಹಾಕೋ ದಿನ ಕೇಳಬೇಡಿ, ಚುನಾವಣೆಯ ಸುಳಿವು ಸಿಕ್ಕ ತಿಂಗಳಲ್ಲೇ ಲಿಖಿತವಾಗಿ ಕೇಳಿ, ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಇಟ್ಕೊಳ್ಳಿ. ಕಟ್ಟಿದ ದುಡ್ಡು ನಗದಾಗಿ ಕಟ್ಟಬೇಡಿ, ಖಾತೆಯಿಂದ ಖಾತೆಗೆ ಕಳಿಸಿ. ಪತ್ರ ಕೊಡದೇ ಹೋದರೂ, ಕೇಳಿದ್ದೆ, ಕೊಡಲಿಲ್ಲ, ದುಡ್ಡು ಇಂಥ ದಿನ ಸಂದಿದೆ ಅನ್ನೋ ಮೂರು ಕಾಗದ ನಿಮ್ಮ ಕೈಲಿರುತ್ತೆ. ಊರಿನ ಹಿರಿಯರಿಗೆ ಇದು ಹೊಳೆಯಲ್ಲ, ಮಾತಿನ ಮೇಲೆ ನಂಬಿಕೆ ಇಟ್ಟಿರ್ತಾರೆ. ದೂರದಲ್ಲಿದ್ದುಕೊಂಡು ಮಕ್ಕಳು ಮಾಡಬಹುದಾದ ಕೆಲಸ ಇದು, ಸ್ಟೇಟ್‌ಮೆಂಟ್ ತೆಗೆದು ಕಳಿಸೋಕೆ ಪುಣೆಯೇನು, ಗದಗವೇನು.

ಪರಿಶೀಲನೆಯ ಕೋಣೆಯಲ್ಲಿ ಅಭ್ಯರ್ಥಿ ಖುದ್ದು ಇರಬೇಕು. ಆಕ್ಷೇಪ ಬಂದ ತಕ್ಷಣ, ಉತ್ತರ ಕೊಡೋಕೆ ಸಮಯ ಕೊಡಿ ಅಂತ ಬರೆದು ಕೊಡಬೇಕು. ವಿಧಾನಸಭೆ ಚುನಾವಣೆಯ ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆ, ಗಣನೀಯವಲ್ಲದ ದೋಷಕ್ಕೆ ನಾಮಪತ್ರ ತಿರಸ್ಕರಿಸಬಾರದು ಅಂತಲೂ ಇದೆ. ಸಹಕಾರಿ ನಿಯಮಗಳಲ್ಲಿ ಏನಿದೆ ಅಂತ ನೋಡಿ, ಅದರ ನಕಲು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ತಿರಸ್ಕರಿಸಿದರೆ ಕಾರಣ ಸಹಿತ ಆದೇಶದ ದೃಢೀಕೃತ ಪ್ರತಿಯನ್ನ ಅವತ್ತೇ ಕೇಳಿ ಪಡೀಬೇಕು. ಇದಕ್ಕೆ ಯಾಕೆ ಇಷ್ಟು ಒತ್ತು ಕೊಡ್ತೀನಿ ಅಂದರೆ, ಪಂಜಾಬಿನ ಫಿರೋಜ್‌ಪುರ ಲೋಕಸಭಾ ಕ್ಷೇತ್ರದ ಗಲಾಟೆಯಿಂದ ಹುಟ್ಟಿದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1977ರಲ್ಲಿ ಒಂದು ಮಾತು ಹೇಳಿದೆ. ಅಧಿಕಾರಿಯ ಆದೇಶ ನಿಲ್ಲೋದಾದರೂ ಬೀಳೋದಾದರೂ ಅದರಲ್ಲಿ ಬರೆದ ಕಾರಣದ ಮೇಲೆಯೇ, ಆಮೇಲೆ ಕೋರ್ಟಿನಲ್ಲಿ ಅಫಿಡವಿಟ್ ಹಾಕಿ ಹೊಸ ಕಾರಣ ಜೋಡಿಸೋ ಹಾಗಿಲ್ಲ. "ಬಾಕಿ ಇದೆ" ಅಂತ ಒಂದು ಸಾಲು ಗೀಚಿದ್ದರೆ ಆ ಒಂದು ಸಾಲಿಗೇ ಅವರು ಕಟ್ಟುಬಿದ್ದಂತೆ. ಎಷ್ಟು ಬಾಕಿ, ಯಾವ ಖಾತೆ, ಯಾವ ದಿನಕ್ಕೆ ಅಂತ ಬರೆಯದೇ ಇದ್ದರೆ ಅದು ನಿಮಗೆ ಒಳ್ಳೇದೇ. ಪ್ರತಿ ಕೈಯಲ್ಲಿಲ್ಲದೆ ಹೋದರೆ ಮಾತ್ರ, ಆಮೇಲೆ ಅದೇ ಹಾಳೆಯಲ್ಲಿ ಇನ್ನೆರಡು ಸಾಲು ಹುಟ್ಟಿಕೊಳ್ಳಬಹುದು.

ಆರ್‌ಟಿಐ ಹಾಕ್ತೀನಿ ಅನ್ನೋರು ಯಾರಿಗೆ ಹಾಕ್ತೀರಿ ಅಂತ ನೋಡಿ. ಕೇರಳದ ತಲಪ್ಪಲಂ ಸೇವಾ ಸಹಕಾರಿ ಬ್ಯಾಂಕ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಸಹಕಾರ ಸಂಘಗಳು ಸಾಮಾನ್ಯವಾಗಿ ಆರ್‌ಟಿಐ ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರ ಅಲ್ಲ ಅಂದಿದೆ. ಬ್ಯಾಂಕಿಗೆ ಹಾಕಿದ ಅರ್ಜಿ ಗೋಡೆಗೆ ಎಸೆದ ಚೆಂಡು. ಸಹಕಾರ ಇಲಾಖೆಗೆ, ಚುನಾವಣಾ ಪ್ರಾಧಿಕಾರಕ್ಕೆ ಹಾಕಿ. ಅವರು ಸಾರ್ವಜನಿಕ ಪ್ರಾಧಿಕಾರ, ಕಡತ ಅವರ ಕೈಯಲ್ಲಿರುತ್ತೆ.

ಅವಿರೋಧ ಆಯ್ಕೆ ಬಗ್ಗೆ ಒಂದು ಎಚ್ಚರಿಕೆ. ಹಾರ ಹಾಕ್ಕೊಂಡು ನಿಂತ ಫೋಟೋ, "ಎಲ್ಲರೂ ಅವಿರೋಧವಾಗಿ ಆಯ್ಕೆ" ಅನ್ನೋ ಸುದ್ದಿ ಪ್ರತಿ ವಾರ ಬರುತ್ತೆ. ಕೆಲವು ಕಡೆ ಅದು ನಿಜವಾದ ಒಮ್ಮತ. ಕೆಲವು ಕಡೆ ಎದುರು ನಿಂತ ಒಬ್ಬನೇ ಒಬ್ಬನ ನಾಮಪತ್ರ ಪರಿಶೀಲನೆಯಲ್ಲಿ ಬಿದ್ದಿರುತ್ತೆ. ಹೀಗಾದಾಗ ಮತದಾನವೇ ಇರಲ್ಲ, ಘೋಷಣೆ ನಿರೀಕ್ಷೆಗಿಂತ ಮೊದಲೇ ಆಗಿಬಿಡಬಹುದು. ವ್ಯಾಜ್ಯದ ಗಡುವು ಓಡೋಕೆ ಶುರುವಾಗೋದು ಘೋಷಣೆಯ ದಿನದಿಂದ. ಮತದಾನದ ದಿನಾಂಕ ಅಂತ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕ್ಕೊಂಡವರು ಅಲ್ಲಿಂದ ಎಣಿಸುತ್ತಾ ಕೂತರೆ ದಿನಗಳು ಕೈಜಾರಿ ಹೋಗುತ್ತವೆ. ಗೆದ್ದವರನ್ನೆಲ್ಲ ಪ್ರತಿವಾದಿ ಮಾಡೋದನ್ನೂ ವಕೀಲರಿಗೆ ನೆನಪಿಸಿ, ಒಬ್ಬರನ್ನ ಬಿಟ್ಟರೂ ಅದನ್ನೇ ಹಿಡಿದು ಜಗ್ಗಾಡ್ತಾರೆ.

ಕೊನೆಗೆ ನಮ್ಮಂಥ ಹೊರಗಿರೋರ ವಿಷಯ. ಊರ ಬ್ಯಾಂಕಿನಲ್ಲಿ ಅಪ್ಪ ನಿಮ್ಮ ಹೆಸರಲ್ಲೂ ನಾಲ್ಕು ಷೇರು ಮಾಡಿಸಿರ್ತಾರೆ. ನೀವು ಪೂರ್ಣ ಸದಸ್ಯರೋ, ಮತವಿಲ್ಲದ ನಾಮಮಾತ್ರ ಸದಸ್ಯರೋ ಅಂತ ಒಮ್ಮೆ ನೋಡಿ. ಪೂರ್ಣ ಸದಸ್ಯರಾದರೂ, ಮಹಾಸಭೆಗೆ ಹಾಜರಾಗಿಲ್ಲ, ಕನಿಷ್ಠ ವ್ಯವಹಾರ ಮಾಡಿಲ್ಲ ಅನ್ನೋ ಕಾರಣಕ್ಕೆ ಅನರ್ಹ ಮತದಾರರ ಪಟ್ಟಿಗೆ ತಳ್ಳೋದು ಕರ್ನಾಟಕದಲ್ಲಿ ನೂರಾರು ರಿಟ್‌ಗಳನ್ನ ಹುಟ್ಟಿಸಿದ ವಿಷಯ. ಆ ಪಟ್ಟಿಯಲ್ಲಿ ಹೆಸರಿಲ್ಲದೆ ಹೋದರೆ ಮತ ಹಾಕೋಕೂ ಆಗಲ್ಲ, ಚಿಕ್ಕಪ್ಪನಿಗೆ ಸೂಚಕರಾಗಿ ಸಹಿ ಹಾಕೋಕೂ ಆಗಲ್ಲ. ಹಾಕಿದರೆ ನಿಮ್ಮ ಸಹಿಯೇ ಅವರ ನಾಮಪತ್ರಕ್ಕೆ ಕುತ್ತು. ಕರಡು ಪಟ್ಟಿ ಪ್ರಕಟ ಆದಾಗ ಆಕ್ಷೇಪ ಹಾಕೋಕೆ ಕೆಲವೇ ದಿನ ಇರುತ್ತೆ, ಅದನ್ನ ಬ್ಯಾಂಕಿನ ನೋಟಿಸ್ ಬೋರ್ಡಿಗೆ ಅಂಟಿಸಿರ್ತಾರೆ, ನಿಮ್ಮ ವಾಟ್ಸಾಪಿಗೆ ಬರಲ್ಲ. ಊರಲ್ಲಿರೋ ಯಾರಿಗಾದರೂ ಹೇಳಿ ಆ ಬೋರ್ಡಿನ ಒಂದು ಫೋಟೋ ತರಿಸಿಕೊಳ್ಳಿ. ಮಹಾಸಭೆಯ ನೋಟಿಸು ಇನ್ನೂ ಹಳೇ ಮನೆಯ ವಿಳಾಸಕ್ಕೆ ಹೋಗ್ತಿದ್ದರೆ ಮುಂದಿನ ಸಲ ಊರಿಗೆ ಹೋದಾಗ ವಿಳಾಸ ಬದಲಾವಣೆಗೆ ಬರೆದು ಕೊಟ್ಟು, ಸೀಲು ಹಾಕಿಸಿಕೊಂಡು ಬನ್ನಿ.

ಮುಂದಿನ ವಾರ ಠೇವಣಿ ವಿಮೆ ಬಗ್ಗೆ, ಆ 5 ಲಕ್ಷದ ಮಿತಿ ನಿಜಕ್ಕೂ ಹೇಗೆ ಲೆಕ್ಕ ಆಗುತ್ತೆ ಅಂತ ಮಾತಾಡೋಣ.